ಇಂದಿನ ಬದುಕಿನಲ್ಲಿ ಪರದಾಡುವ ರಕ್ತಪಿಶಾಚಿಯ ಕಥೆಯನ್ನು ತುಮಕೂರಿನ ಕಡೆ, ಕಡಿಮೆ ಹಣದಲ್ಲಿ ಚಿತ್ರ ಮಾಡಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂದೇಹಗಳಿವೆ. ರಕ್ತಪಿಶಾಚಿ ನಮ್ಮ ಕಡೆಯ ದೆವ್ವವಲ್ಲವಾದ್ದರಿಂದ ಅದನ್ನು ತಂದು ತುಮಕೂರಿನ ಬೀದಿಯಲ್ಲಿ ನಿಲ್ಲಿಸಿದರೆ ಜನ ನಂಬುತ್ತಾರೆಯೇ ಎಂಬುದು ಒಂದು. ಬಾಡಿಗೆ ಮನೆ, ಆಧಾರ್, ಮೊಬೈಲುಗಳ ನಡುವೆ ಅದು ಒದ್ದಾಡುವುದನ್ನು ತೋರಿಸಿದರೆ ಹೆದರಿಕೆ ಹೋಗಿ ಬರೀ ಹಾಸ್ಯ ಉಳಿಯುತ್ತದೆಯೇ ಎಂಬುದು ಇನ್ನೊಂದು. ನಾನು ಸಿನಿಮಾದವನಲ್ಲ, ತುಮಕೂರಿನ ಒಂದು ರಕ್ತನಿಧಿಯಲ್ಲಿ ತಂತ್ರಜ್ಞನಾಗಿದ್ದೇನೆ, ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ಇಂಥ ಚಿತ್ರಗಳನ್ನು ಹುಡುಕಿ ನೋಡುತ್ತೇನೆ. ನನಗೆ ತೋಚಿದಂತೆ, ಪಿಶಾಚಿಯ ಕಷ್ಟವನ್ನು ಹೊಟ್ಟೆಪಾಡಿನ ಕಷ್ಟವನ್ನಾಗಿ ಬರೆದರೆ ಜನ ನಂಬುತ್ತಾರೆ, ಮತ್ತು ನಗುವೂ ಭಯವೂ ಒಂದೇ ದೃಶ್ಯದಲ್ಲಿ ಜೊತೆಯಾಗಿ ಇರಬಲ್ಲವು.

ಇದಕ್ಕೆ ಒಳ್ಳೆಯ ಉದಾಹರಣೆ ಜಾರ್ಜ್ ರೊಮೆರೊ ಅವರ ‘ಮಾರ್ಟಿನ್’. 1970ರ ದಶಕದಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಬ್ರ್ಯಾಡಕ್ ಎಂಬ ಬಡವಾಗುತ್ತಿದ್ದ ಉಕ್ಕಿನ ಊರಿನಲ್ಲಿ, ಅಗ್ಗದ 16 ಎಂಎಂ ಫಿಲ್ಮಿನಲ್ಲಿ ತೆಗೆದ ಚಿತ್ರ ಅದು. ನಾಯಕನಿಗೆ ಕೋರೆಹಲ್ಲಿಲ್ಲ, ಸಿರಿಂಜು ಮತ್ತು ಬ್ಲೇಡು ಇವೆ. ಹಗಲು ಹಿರಿಯ ಬಂಧುವಿನ ದಿನಸಿ ಅಂಗಡಿಯ ಸಾಮಾನನ್ನು ಮನೆಮನೆಗೆ ಮುಟ್ಟಿಸುತ್ತಾನೆ, ರಾತ್ರಿ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ ತನ್ನ ಗೋಳನ್ನು ಹೇಳಿಕೊಳ್ಳುತ್ತಾನೆ, ಕೇಳುವವರಿಗೆ ಅದು ಮೋಜು. ಅವನು ನಿಜವಾಗಿ ಪಿಶಾಚಿಯೋ ಬುದ್ಧಿ ಕೆಟ್ಟ ಹುಡುಗನೋ ಎಂಬುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ. ನ್ಯೂಜಿಲೆಂಡಿನ ಜೆಮೇನ್ ಕ್ಲೆಮೆಂಟ್ ಮತ್ತು ಟೈಕಾ ವೈಟಿಟಿ 2005ರಲ್ಲಿ ಕಿರುಚಿತ್ರವಾಗಿ ಮಾಡಿ, 2014ರಲ್ಲಿ ಪೂರ್ಣ ಚಿತ್ರವಾಗಿ ಬೆಳೆಸಿದ ‘ವಾಟ್ ವಿ ಡು ಇನ್ ದ ಶ್ಯಾಡೋಸ್’ ಪೂರ್ತಿ ನಗೆಯ ಕಡೆಗೆ ವಾಲುತ್ತದೆ. ವೆಲಿಂಗ್ಟನ್ನಿನ ಒಂದು ಮನೆ ಹಂಚಿಕೊಂಡ ಪಿಶಾಚಿಗಳು ಪಾತ್ರೆ ತೊಳೆಯುವ ಸರದಿಗಾಗಿ ಕಿತ್ತಾಡುತ್ತವೆ, ‘ಒಳಗೆ ಬನ್ನಿ’ ಎಂದು ಯಾರೂ ಕರೆಯದೆ ಕ್ಲಬ್ಬಿನ ಬಾಗಿಲಲ್ಲೇ ನಿಲ್ಲುತ್ತವೆ. ಜಿಮ್ ಜಾರ್ಮುಶ್ ಅವರ 2013ರ ‘ಓನ್ಲಿ ಲವರ್ಸ್ ಲೆಫ್ಟ್ ಅಲೈವ್’ನಲ್ಲಿ ಪಿಶಾಚಿ ಆಸ್ಪತ್ರೆಯ ವೈದ್ಯನಿಗೆ ಹಣ ಕೊಟ್ಟು ಶುದ್ಧ ರಕ್ತ ಕೊಳ್ಳುತ್ತಾನೆ, ಏಕೆಂದರೆ ಬೀದಿಯ ಮನುಷ್ಯರ ರಕ್ತದ ಮೇಲೆ ಅವನಿಗೆ ನಂಬಿಕೆ ಹೋಗಿದೆ.

ಇವುಗಳಲ್ಲಿ ಒಂದು ಮಾತನ್ನು ಗಮನಿಸಿ: ಪ್ರತಿ ಚಿತ್ರವೂ ತನ್ನ ಪಿಶಾಚಿಗೆ ಯಾವ ಕಟ್ಟಳೆ ಇರಬೇಕೆಂದು ಮೊದಲೇ ಆರಿಸಿಕೊಂಡಿದೆ. ಈ ಕಟ್ಟಳೆಗಳೇನೂ ವೇದವಾಕ್ಯವಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾ ಹಗಲಿನಲ್ಲಿಯೂ ಓಡಾಡಬಲ್ಲ. ಬಿಸಿಲು ಬಿದ್ದರೆ ಸಾಯುವ ಪಿಶಾಚಿ 1922ರ ಜರ್ಮನಿಯ ಮೂಕಿಚಿತ್ರ ‘ನೊಸ್ಫೆರಾಟು’ವಿನಿಂದ ರೂಢಿಗೆ ಬಂದವನು. ಆದ್ದರಿಂದ ಬಿಸಿಲಿನ ಕಟ್ಟಳೆ ಬೇಕೋ ಬೇಡವೋ ಎಂಬುದನ್ನು ನೀವು ನಿಮ್ಮ ಕಿಸೆ ನೋಡಿಕೊಂಡೂ ತೀರ್ಮಾನಿಸಬಹುದು, ಏಕೆಂದರೆ ಅದನ್ನು ಇಟ್ಟುಕೊಂಡರೆ ಹೊರಾಂಗಣದ ಪ್ರತಿ ದೃಶ್ಯವನ್ನೂ ರಾತ್ರಿ, ದೀಪ ಮತ್ತು ಜನರೇಟರ್ ಬಾಡಿಗೆ ತೆತ್ತು ತೆಗೆಯಬೇಕಾಗುತ್ತದೆ. ಕರೆಯದೆ ಒಳಗೆ ಬರಲಾಗದೆಂಬ ಕಟ್ಟಳೆಗೆ ಮಾತ್ರ ಖರ್ಚೇ ಇಲ್ಲ, ಮೇಲಾಗಿ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ದಿನವೂ ಹಿಂದಕ್ಕೆ ಕಳಿಸಿದ ನಮ್ಮ ಜನಕ್ಕೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ರಕ್ತದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಿಶಾಚಿ ದುಡ್ಡು ಚೆಲ್ಲಿ ರಕ್ತದ ಚೀಲ ಒಯ್ಯುವುದು ನಮ್ಮಲ್ಲಿ ನೇರ ದಾರಿಯಿಂದ ಆಗದ ಮಾತು. ಹಣಕ್ಕಾಗಿ ರಕ್ತ ಕೊಡುವ ಪದ್ಧತಿ ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ, 1998ರ ಜನವರಿ 1ರಿಂದ ನಿಷಿದ್ಧವಾಗಿದೆ. ವೈದ್ಯರ ಸಹಿಯಿರುವ ಬೇಡಿಕೆ ಪತ್ರ ಮತ್ತು ರೋಗಿಯ ರಕ್ತದ ಮಾದರಿ ಬಂದ ಮೇಲೆ, ಆ ಮಾದರಿಯನ್ನು ದಾನಿಯ ಕೆಂಪು ಕಣಗಳೊಡನೆ ಸೇರಿಸಿ ಹೊಂದಾಣಿಕೆ ನೋಡುತ್ತೇವೆ. ಇದೇ ಕ್ರಾಸ್ ಮ್ಯಾಚ್. ಟ್ಯೂಬನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ತೆಗೆದು, ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿದಾಗ ಕಣಗಳು ಸರಾಗವಾಗಿ ಹರಡಿಕೊಂಡರೆ ಸರಿ, ಗಂಟುಗಂಟಾಗಿ ನಿಂತರೆ ಆ ಚೀಲ ಆ ರೋಗಿಗೆ ಆಗದು. ಪದೇ ಪದೇ ಬೇರೆಯವರ ರಕ್ತ ಪಡೆಯುವವರಲ್ಲಿ, ಉದಾಹರಣೆಗೆ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳಲ್ಲಿ, ಆ ರಕ್ತಕಣಗಳ ವಿರುದ್ಧ ಪ್ರತಿಕಾಯಗಳು ಬೆಳೆದು ಹೊಂದುವ ಚೀಲ ಸಿಗುವುದೇ ಕಷ್ಟವಾಗುವುದುಂಟು. ಹಾಗಿರುವಾಗ ಮುನ್ನೂರು ವರ್ಷ ಊರಿನವರ ರಕ್ತವನ್ನೆಲ್ಲ ಒಳಗೆ ಹಾಕಿಕೊಂಡವನ ಮಾದರಿ ನಡುರಾತ್ರಿ ನಮ್ಮ ಮೇಜಿಗೆ ಬಂದು, ಫ್ರಿಜ್ಜಿನಲ್ಲಿರುವ ಪ್ರತಿ ಚೀಲದ ಎದುರೂ ಗಂಟು ಕಟ್ಟುತ್ತ ಹೋದರೆ, ಒಬ್ಬನೇ ಕುಳಿತ ತಂತ್ರಜ್ಞನ ಕೈ ನಡುಗುವುದನ್ನು ತೋರಿಸಿದರೆ ಸಾಕು, ಬೇರೆ ಗ್ರಾಫಿಕ್ಸ್ ಬೇಕಿಲ್ಲ.

ಇನ್ನೊಂದು ದಾರಿಯೂ ಇದೆ. ಸಾಮಾನ್ಯ 350 ಮಿಲಿಲೀಟರ್ ಚೀಲದಲ್ಲಿ 49 ಮಿಲಿಲೀಟರ್ ಹೆಪ್ಪುರೋಧಕ ದ್ರವ ಮೊದಲೇ ಇರುತ್ತದೆ. 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಆ ರಕ್ತದ ಆಯುಷ್ಯ 35 ದಿನ. ಅವಧಿ ಮೀರಿದ್ದನ್ನು ದಾಖಲಿಸಿ, ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ರೋಗಾಣು ಕೊಂದು, ವಿಲೇವಾರಿ ಮಾಡುತ್ತಾರೆ. ಆ ಕೆಲಸಕ್ಕೆ ಸೇರಿಕೊಂಡ, ರಾತ್ರಿ ಪಾಳಿಯನ್ನೇ ಕೇಳಿ ಪಡೆಯುವ, ಎಲ್ಲರಿಗೂ ಬೇಕಾದ ಒಬ್ಬ ಸಾಧು ನೌಕರನನ್ನು ಊಹಿಸಿಕೊಳ್ಳಿ. ರಕ್ತದಾನ ಶಿಬಿರಗಳು ಚೆನ್ನಾಗಿ ನಡೆದು ದಾಸ್ತಾನು ಮಿಕ್ಕಿದ ತಿಂಗಳು ಅವನಿಗೆ ಹಬ್ಬ. ಡೆಂಗ್ಯೂ ಕಾಲದಲ್ಲೋ, ಕಾಲೇಜುಗಳಿಗೆ ರಜೆ ಬಂದು ಶಿಬಿರಗಳು ನಿಂತಾಗಲೋ ಒಂದು ಚೀಲವೂ ಉಳಿಯುವುದಿಲ್ಲ, ಆಗ ಅವನು ಜೊತೆಯಲ್ಲಿ ಕೆಲಸ ಮಾಡುವವರ ಕುತ್ತಿಗೆಯನ್ನು ನೋಡಲು ಶುರುಮಾಡುತ್ತಾನೆ.

ಇನ್ನು ಅವನು ಎಲ್ಲಿಂದ ಬಂದವನು ಎಂಬ ಪ್ರಶ್ನೆ. ಯುರೋಪಿನ ಕೋಟೆಯ ದೊರೆ ದಯವಿಟ್ಟು ಬೇಡ. 1687ರಲ್ಲಿ ಮೊಗಲರ ವಶವಾಗಿ ಸುಬಾದ, ಅಂದರೆ ಅವರ ಒಂದು ಪ್ರಾಂತದ, ಕೇಂದ್ರವಾದ ಶಿರಾ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿ ಕಂದಾಯದ ಲೆಕ್ಕ ಬರೆಯುತ್ತಿದ್ದ ಒಬ್ಬ ಗುಮಾಸ್ತ ಸಾಯದೆ ಉಳಿದುಬಿಟ್ಟನೆಂದು ಇಟ್ಟುಕೊಳ್ಳಿ. ಅವನಿಗೆ ಪಾವಗಡದ ಕಡೆ ಒಂದಿಷ್ಟು ಬರಡು ಜಮೀನಿದೆ. ಅಲ್ಲಿ ಈಗ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ, ಮತ್ತು ಆ ಜಮೀನನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆಯಲಾಗಿದೆ. ಬಿಸಿಲಿಗೆ ಹೆದರುವವನು ಬಿಸಿಲಿನ ಗುತ್ತಿಗೆ ಹಣದಲ್ಲಿ ಬದುಕುವ ಸ್ಥಿತಿ ಬರುತ್ತದೆ! ಆದರೆ ಆ ಹಣ ಖಾತೆಗೆ ಬೀಳಬೇಕಾದರೆ ಪಹಣಿಯಲ್ಲಿ ಹೆಸರಿರಬೇಕು, ಪಹಣಿಯಲ್ಲಿರುವವನು ಬಹಳ ಹಿಂದೆ ಹುಟ್ಟಿದವನಾದರೆ ಪೌತಿ ಖಾತೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಆಗಬೇಕು, ಪೌತಿ ಖಾತೆಗೆ ಮರಣ ಪ್ರಮಾಣಪತ್ರವೂ ವಂಶವೃಕ್ಷವೂ ಬೇಕು, ಇದಕ್ಕೆಲ್ಲ ಅಲೆಯಬೇಕಾದ ನಾಡಕಚೇರಿ ತೆರೆದಿರುವುದು ಹಗಲಿನಲ್ಲಿ ಮಾತ್ರ. ಕನ್ನಡಿಯಲ್ಲಿ ಕಾಣದವನು ಆಧಾರ್ ಕೇಂದ್ರದ ಕ್ಯಾಮೆರಾದಲ್ಲಿ ಕಾಣುತ್ತಾನೆಯೇ ಎಂಬುದನ್ನೂ ಬರೆಯುವ ಮುಂಚೆಯೇ ಗಟ್ಟಿ ಮಾಡಿಕೊಳ್ಳಿ.

ಇಲ್ಲಿಯವರೆಗೆ ಪ್ರೇಕ್ಷಕರು ನಗುತ್ತಾರೆ, ನಗಲಿ. ಆದರೆ ಜಮೀನು ಕೈಯಲ್ಲಿ ಉಳಿಯಬೇಕಾದರೆ ಅವನಿಗೆ ತಲೆಮಾರಿಗೊಬ್ಬ ಮಗ ಬೇಕು: ಹುಟ್ಟಿದ್ದಕ್ಕೆ ದಾಖಲೆ ಇರುವ, ಶಾಲೆಗೆ ಹೋದ, ಹೆಬ್ಬೆಟ್ಟಿನ ಗುರುತಿರುವ ನಿಜವಾದ ಹುಡುಗ. ಹಿಂದಿನ ತಲೆಮಾರುಗಳಲ್ಲಿ ದತ್ತು ತಂದವರ ಹೆಸರುಗಳು ವಂಶವೃಕ್ಷದಲ್ಲಿ ಒಂದರ ಕೆಳಗೊಂದು ಇವೆ, ಯಾರೊಬ್ಬರ ಮದುವೆಯಾಗಲಿ ಮಕ್ಕಳಾಗಲಿ ಅದರಲ್ಲಿಲ್ಲ. ಆ ಕಾಗದವನ್ನು ಕೈಯಲ್ಲಿ ಹಿಡಿದ ಗ್ರಾಮ ಆಡಳಿತಾಧಿಕಾರಿ ತಲೆಯೆತ್ತಿ, ಎದುರಿನ ಬೆಂಚಿನಲ್ಲಿ ಕುಳಿತಿರುವ ಈ ಸಲದ ಮಗನನ್ನು ನೋಡುವ ಕ್ಷಣದಲ್ಲಿ ನಿಮ್ಮ ಹಾರರ್ ಇದೆ ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ ಕಲಾ ವಿಭಾಗಕ್ಕೊಂದು ಸೂಚನೆ. ರಕ್ತನಿಧಿಯೊಳಗೆ ಚಿತ್ರೀಕರಣಕ್ಕೆ ಒಪ್ಪಿಗೆ ಸಿಗುವುದು ಕಷ್ಟ, ಆದ್ದರಿಂದ ಗಾಜಿನ ಬಾಗಿಲಿನ ಫ್ರಿಜ್ಜು ಬಾಡಿಗೆಗೆ ತಂದು ಸೆಟ್ ಹಾಕಿಕೊಳ್ಳಿ. ಚೀಲದ ಲೇಬಲ್ ‘ಎ’ ಗುಂಪಿಗೆ ಹಳದಿ, ‘ಬಿ’ಗೆ ಗುಲಾಬಿ, ‘ಒ’ಗೆ ನೀಲಿ, ‘ಎಬಿ’ಗೆ ಬಿಳಿ, ಎಲ್ಲಕ್ಕೂ ಕೆಂಪು ಹಚ್ಚಿದರೆ ನಮ್ಮ ವೃತ್ತಿಯವರು ಮೊದಲ ದೃಶ್ಯದಲ್ಲೇ ಎದ್ದು ಹೋಗುತ್ತಾರೆ.