ಉಳಿಸಿ ಅನ್ನುವವರು ಹೆಂಚಿಗೆ ದುಡ್ಡು ಕೊಡ್ತಾರಾ?

ಮೇಷ್ಟ್ರೇ, ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರ ಪೂರ್ತಿ ಅಚ್ಚು ಹಾಕಲು ಜಾಗ ಸಾಲದು, ಹಾಗಾಗಿ ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಅಗ್ರಹಾರದ ಹತ್ತಿರ ನಿಮ್ಮದೊಂದು ತೊಟ್ಟಿ ಮನೆ, ತಾತನ ಕಾಲದ್ದು. ಮೂವರು ಅಣ್ಣತಮ್ಮಂದಿರು, ಒಬ್ಬ ತಂಗಿ, ಎಲ್ಲರಿಗೂ ಪಾಲಿದೆ. ಮಳೆ ಬಂದರೆ ನಡುಮನೆಯಲ್ಲಿ ನಾಲ್ಕು ಬಕೆಟ್ ಇಡಬೇಕು. ಬಿಲ್ಡರ್ ಒಬ್ಬರು ಆಗಲೇ ಎರಡು ಸಲ ಬಂದು ಕಾಫಿ ಕುಡಿದು ಹೋಗಿದ್ದಾರೆ. ಅಷ್ಟರಲ್ಲಿ ನಮ್ಮ ಹೋದ ಸಂಚಿಕೆಯಲ್ಲಿ ಹಳೇ ಮೈಸೂರನ್ನು ಉಳಿಸಿ ಅನ್ನುವ ಲೇಖನ ಓದಿ ನಿಮಗೆ ಸಿಟ್ಟು ಬಂತು. "ಉಳಿಸಿ ಅನ್ನುವವರು ಒಂದು ಹೆಂಚಿಗಾದರೂ ದುಡ್ಡು ಕೊಡ್ತಾರಾ? ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿದರೆ ಮಾರುವಂತಿಲ್ಲ, ಕಟ್ಟುವಂತಿಲ್ಲ. ಸೋರುವ ಮನೆಯ ಜಗಲಿ ಮೇಲೆ ಕೂತು ಪ್ರವಾಸಿಗರಿಗೆ ಕೈ ಬೀಸಬೇಕಾ?" ಅಂತ ಕೇಳಿದ್ದೀರಿ.

ಕೈ ಬೀಸುವ ಮಾತು ಓದಿ ಕಛೇರಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಆ ಲೇಖನ ತೆಗೆದು ಇನ್ನೊಂದು ಸಲ ಓದಿದೆ. ಕಮಾನು ಇದೆ, ಕಂಬ ಇದೆ, ಒಡೆಯರ ಕಾಲದ ವೈಭವ ಇದೆ. ದುಡ್ಡಿನ ಬಗ್ಗೆ ಒಂದೇ ಒಂದು ಸಾಲಿಲ್ಲ. ಅದು ನಮ್ಮ ತಪ್ಪು.

ಈಗ ನಮ್ಮ ಕಛೇರಿಯ ಕಥೆ ಕೇಳಿ. ಬಾಡಿಗೆಗಿರುವ ಈ ಕಟ್ಟಡವೂ ಹಳೆಯದೇ, ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ. ನಾನು ಕೂರುವ ಕಿಟಕಿಯ ಮೇಲೆ ಮಳೆ ನೀರು ಬೀಳುವ ದೋಣಿಯ ಪಕ್ಕ ಒಂದು ಅರಳಿ ಸಸಿ ಹುಟ್ಟಿತು. ಮೊದಲ ವರ್ಷ ಎರಡೇ ಎಲೆ, ನೋಡೋಕೆ ಚೆನ್ನಾಗಿತ್ತು ಕೂಡ. ಕಟ್ಟಡ ನೋಡಿಕೊಳ್ಳಬೇಕಾದವರಿಗೆ ಮೂರು ಸಲ ಪತ್ರ ಬರೆದೆ. ಕೊನೆಗೆ ಒಬ್ಬ ಹುಡುಗ ಕತ್ತಿ ಹಿಡಿದು ಬಂದು ಮೇಲಿಂದ ಸವರಿ ಹೋದ. ಅರಳಿಗೆ ಅದೆಲ್ಲ ಲೆಕ್ಕವೇ? ಮುಂದಿನ ಮಳೆಗೆ ಒಂದಿದ್ದದ್ದು ನಾಲ್ಕು ಕವಲಾಯಿತು, ಬೇರು ಗಾರೆಯ ಸಂದಿಯಲ್ಲಿ ಬೆರಳು ದಪ್ಪ ಆಯಿತು, ಸಂದಿ ಬಿಟ್ಟ ಕಡೆ ನೀರು ಇಳಿಯಿತು. ಆಗ ಅವರೇ ಬಂದು ಅದರ ಮೇಲೆ ಸಿಮೆಂಟ್ ಬಳಿದರು. ಗಾರೆ ಗೋಡೆ ಕುಡಿದ ನೀರನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಈಗ ಒಳಗಡೆ ಗೋಡೆ ಉಪ್ಪು ಕಾರುತ್ತಿದೆ. ಹೋದ ತಿಂಗಳು ಹಳೇ ಸಂಚಿಕೆಗಳ ಕಪಾಟಿನ ಹಿಂದೆ ಅಂಗೈ ಅಗಲದ ಗಿಲಾವು ಕಳಚಿ ಬಿತ್ತು. ಮೊದಲ ವರ್ಷವೇ ಬೇರು ಸಮೇತ ಕಿತ್ತು ಅಲ್ಲಿಗೆ ಒಂದು ಬೊಗಸೆ ಗಾರೆ ತುಂಬಿದ್ದರೆ ಮುಗಿದುಹೋಗುತ್ತಿತ್ತು.

ನಮ್ಮ ಊರಿನ ದೊಡ್ಡ ಕಟ್ಟಡಗಳ ಕಥೆಯೂ ಜಾಸ್ತಿ ಬೇರೆಯಿಲ್ಲ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜನ ಸತ್ತರು. ಹಳೇ ಪುಸ್ತಕಕ್ಕೆ ನೀವೂ ನಾನೂ ಹೋಗುತ್ತಿದ್ದ ಜಾಗ ಅದು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲ ಕಡೆ ಬಿತ್ತು. ಎರಡೂ ಮಳೆಗಾಲದಲ್ಲೇ. ಬಿದ್ದ ಮೇಲೆ ತಜ್ಞರು ಬಂದರು, ಒಂದು ಸಮಿತಿ ಕೆಡವಿ ಅಂದಿತು, ಇನ್ನೊಂದು ಉಳಿಸಬಹುದು ಅಂದಿತು, ವಿಷಯ ಕೋರ್ಟಿಗೂ ಹೋಯಿತು, ನಾವು ಪತ್ರಿಕೆಯವರು ಎರಡೂ ಕಡೆಯವರ ಫೋಟೋ ಹಾಕಿದೆವು. ಬೀಳುವುದಕ್ಕೆ ಹತ್ತು ವರ್ಷ ಮುಂಚೆ ತಾರಸಿ ಮೇಲೆ ಹತ್ತಿ ನೋಡಿದವರು ಯಾರು ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕಾನೂನಿನ ವಿಷಯಕ್ಕೆ ಬರೋಣ, ನಿಮ್ಮ ಭಯ ಅರ್ಧ ಅಲ್ಲಿದೆ. ಸೋಮನಾಥಪುರದ ಕೇಶವ ದೇವಾಲಯ, ಶ್ರೀರಂಗಪಟ್ಟಣದ ದರಿಯಾ ದೌಲತ್ ಇವೆಲ್ಲ ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಸೇರಿದವು. 2010ರ ತಿದ್ದುಪಡಿ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್‌ನಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ನಲ್ಲಿ ಅನುಮತಿ ಬೇಕು. ಶ್ರೀರಂಗಪಟ್ಟಣದ ಜನಕ್ಕೆ ಈ ಗೋಳು ಚೆನ್ನಾಗಿ ಗೊತ್ತು. ಆದರೆ ಇದ್ದ ಮನೆಯ ರಿಪೇರಿಗೆ ಅಲ್ಲೂ ಅನುಮತಿ ಕೇಳುವ ದಾರಿಯಿದೆ. ಎರಡನೆಯದು ಇಂಥದೇ ರಾಜ್ಯದ 1961ರ ಕಾಯ್ದೆ. ಮೂರನೆಯದು ಊರಿನ ಮಾಸ್ಟರ್ ಪ್ಲಾನ್ ಜೊತೆ ಬರುವ ಪಾರಂಪರಿಕ ಕಟ್ಟಡಗಳ ಪಟ್ಟಿ. ನಿಮ್ಮಂಥ ಮನೆ ಸೇರಿದರೆ ಸೇರುವುದು ಇಲ್ಲಿ. ಸೇರಿದರೂ ಮನೆ ನಿಮ್ಮದೇ. ಮಾರಬಹುದು, ಬಾಡಿಗೆ ಕೊಡಬಹುದು, ಪಾಲೂ ಆಗಬಹುದು. ಕೆಡವುವುದಕ್ಕೆ, ಹೊರಗಿನ ರೂಪ ಬದಲಿಸುವುದಕ್ಕೆ ಮಾತ್ರ ಕೇಳಬೇಕಾಗುತ್ತದೆ.

ಕಷ್ಟ ಇರುವುದು ಆ 'ಮಾತ್ರ'ದಲ್ಲೇ, ಗೊತ್ತು. ಬಿಲ್ಡರ್ ಕೊಡುವ ಬೆಲೆ ಇರುವುದು ನಿಮ್ಮ ತೊಟ್ಟಿಗಲ್ಲವಲ್ಲ, ಅದರ ಮೇಲಿನ ಖಾಲಿ ಆಕಾಶಕ್ಕೆ. ಊರೆಲ್ಲ ನೋಡಿ ಖುಷಿ ಪಡಲಿ ಅಂತ ಆ ಆಕಾಶ ಬಿಟ್ಟುಕೊಡಿ ಅನ್ನುವಾಗ ಊರು ತನ್ನ ಕಡೆಯಿಂದ ಏನು ಕೊಡುತ್ತದೆ? ಮುಂಬೈನವರು 1995ರಲ್ಲಿ ಪಾರಂಪರಿಕ ಕಟ್ಟಡಗಳಿಗೆ ನಿಯಮ ಮಾಡಿದಾಗ ಟಿಡಿಆರ್ ಕೊಟ್ಟರು. ಇಲ್ಲಿ ಕಟ್ಟಲಾಗದ ಮಹಡಿಯ ಹಕ್ಕನ್ನು ಇನ್ನೊಂದು ಕಡೆ ಕಟ್ಟುವವರಿಗೆ ಮಾರಿಕೊಳ್ಳಬಹುದು. ನಮ್ಮಲ್ಲಿ ಸಭೆ ನಡೆದಾಗೆಲ್ಲ ಯಾರಾದರೂ ಎದ್ದು ಟಿಡಿಆರ್ ಟಿಡಿಆರ್ ಅನ್ನುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಮುಂಬೈನಲ್ಲಿ ಅಡಿ ಅಡಿಗೂ ಬೆಂಕಿ ಬೆಲೆ, ಕೊಳ್ಳುವವರು ಸಿಗುತ್ತಾರೆ. ರಿಂಗ್ ರಸ್ತೆಯ ಆಚೆ ಇಷ್ಟೊಂದು ಸೈಟು ಬಿದ್ದಿರುವ ಊರಲ್ಲಿ ನಿಮ್ಮ ಟಿಡಿಆರ್ ಕಾಗದ ಯಾರಿಗೆ ಬೇಕು? ಅದಕ್ಕಿಂತ ಪಟ್ಟಿಯಲ್ಲಿರುವ ಮನೆಗೆ ಕಂದಾಯ ಬಿಡಲಿ. ಚಾವಣಿ ರಿಪೇರಿಗೆ ಒಂದು ಪಾಲು ಸಹಾಯಧನ ಕೊಡಲಿ. ಅದಿಲ್ಲದೆ ಪಟ್ಟಿ ಮಾತ್ರ ಮಾಡಿದರೆ ಜನ ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು. ಎರಡು ಹೆಂಚು ಸರಿಸಿಟ್ಟು ಮಳೆಗೆ ಕಾಯುತ್ತಾರೆ.

ಹಾಗಂತ ಕಾನೂನು ಸುಮ್ನೆ ಅಂತ ಬಿಸಾಡಬೇಡಿ. ಬೆಂಗಳೂರು–ಮೈಸೂರು ಜೋಡಿ ಹಳಿ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ದಾರಿಗೆ ಅಡ್ಡ ಬಂತು. ಸಂರಕ್ಷಿತ ಕಟ್ಟಡವಾದ್ದರಿಂದ ಜೆಸಿಬಿ ತಂದು ಮಟ್ಟ ಮಾಡಲು ಆಗಲಿಲ್ಲ. ಕೆಲಸ ವರ್ಷಗಟ್ಟಲೆ ನಿಂತಿತು, ಪಾಸಿನವರೆಲ್ಲ ಶಾಪ ಹಾಕಿದರು. ಕೊನೆಗೆ 2017ರಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ತಳದಿಂದ ಎತ್ತಿ ನೂರು ಮೀಟರಿಗೂ ಆಚೆ ಇಡಿಯಾಗಿ ಸರಿಸಿದರು. ನಾನು ನೋಡಲು ಹೋಗಿದ್ದೆ. ಕಬ್ಬಿಣದ ತೊಲೆಗಳ ಮೇಲೆ ಆ ಇಟ್ಟಿಗೆ ಗೂಡು ಕೂತಿದ್ದು ನೋಡಿ ಪಕ್ಕದಲ್ಲಿದ್ದ ರೈತರೊಬ್ಬರು, "ನಮ್ಮ ನಾಲೆ ರಿಪೇರಿಗೆ ಮಾತ್ರ ಇವರ ಹತ್ರ ದುಡ್ಡಿಲ್ಲ ಕಣ್ರೀ" ಅಂದರು. ಅವರ ಮಾತೂ ಸರಿಯೇ. ಆದರೆ ಕೇಳಲೇಬೇಕು ಅನ್ನುವ ನಿಯಮ ಇದ್ದರೆ ದುಡ್ಡು ಎಲ್ಲಿಂದಲೋ ಹುಟ್ಟುತ್ತದೆ, ಅಲ್ವಾ?

ಅಮೆರಿಕದಲ್ಲೂ ಸುಮಾರು ಹೀಗೇ. ನ್ಯೂಯಾರ್ಕ್‌ನ ಪೆನ್ ಸ್ಟೇಷನ್ ಅನ್ನುವ ಭಾರಿ ರೈಲು ನಿಲ್ದಾಣವನ್ನು 1963ರಿಂದ ಕೆಡವತೊಡಗಿದಾಗ ಅಲ್ಲಿನವರಿಗೆ ಎಚ್ಚರ ಆಯಿತು. 1965ರಲ್ಲಿ ಆ ನಗರ, 1966ರಲ್ಲಿ ಇಡೀ ದೇಶ ಕಾನೂನು ಮಾಡಿತು. ದೇಶದ ಆ ಕಾನೂನು ಕೆಡವಬೇಡಿ ಅನ್ನುವುದಿಲ್ಲ. ಕೇಂದ್ರದ ದುಡ್ಡು, ಕೇಂದ್ರದ ಅನುಮತಿ ಇರುವ ಕೆಲಸವಾದರೆ ಮೊದಲೇ ನೋಡಿ, ಕೇಳಿ, ಆಮೇಲೆ ಮುಂದುವರಿಯಿರಿ ಅನ್ನುತ್ತದೆ, ಅಷ್ಟೇ.

ನಾವು ಕೇಳುವ ಹೊತ್ತೇ ತಪ್ಪಿದೆ ಮೇಷ್ಟ್ರೇ. ಗೋಡೆ ಬಿದ್ದ ಮೇಲೆ ಮೇಣದ ಬತ್ತಿ ಹಿಡಿದು ನಿಲ್ಲುತ್ತೇವೆ. ಪಾಲಿಕೆ ಬಜೆಟ್‌ಗೆ ಸಲಹೆ ಕರೆದಾಗ, ಮಾಸ್ಟರ್ ಪ್ಲಾನ್ ಕರಡಿಗೆ ಆಕ್ಷೇಪಣೆ ಕರೆದಾಗ ಒಬ್ಬರೂ ಹೋಗುವುದಿಲ್ಲ, ಆ ಪ್ರಕಟಣೆ ಟೆಂಡರ್ ಜಾಹೀರಾತುಗಳ ನಡುವೆ ಎಲ್ಲೋ ಇರುತ್ತದೆ. ನಿಮಗೆ ನಿವೃತ್ತಿ ಆಗಿದೆ, ಅಕ್ಷರ ಮುತ್ತಿನಂತಿದೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಒಂದು ಅರ್ಜಿ ಹಾಕಿ: ನಮ್ಮ ವಾರ್ಡಿನಲ್ಲಿ ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡ ಯಾವುವು, ಪ್ರತಿಯೊಂದರ ತಾರಸಿ, ನೀರಿನ ದೋಣಿ ಕೊನೆಗೆ ರಿಪೇರಿ ಆದದ್ದು ಯಾವ ವರ್ಷ, ಖರ್ಚೆಷ್ಟು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಏನು ಬಂದರೂ, ಮಾಹಿತಿ ಲಭ್ಯವಿಲ್ಲ ಅಂತ ಬಂದರೂ, ನಾವು ಹಾಗೇ ಅಚ್ಚು ಹಾಕುತ್ತೇವೆ.

ಮನೆ ಇಟ್ಟುಕೊಳ್ಳಿ, ಬಿಲ್ಡರ್‌ಗೆ ಕೊಡಿ ಅಂತ ನಾನು ಹೇಳುವುದಿಲ್ಲ. ನಿಮ್ಮ ತಂಗಿಯ ಪಾಲಿಗೆ ನಾನು ದುಡ್ಡು ಕೊಡುವವನಲ್ಲ. ಆದರೆ ನೀವು ಬರೆದಿರುವ ನಾಲ್ಕು ಬಕೆಟ್‌ಗಳಲ್ಲಿ ಮೂರು ತೊಟ್ಟಿಯ ಒಂದೇ ಮೂಲೆಗೆ ಇವೆ. ಹಾಗಿದ್ದರೆ ಪೂರ್ತಿ ಸೂರು ಕೆಟ್ಟಿರುವುದು ಅನುಮಾನ, ಆ ಮೂಲೆಯಲ್ಲಿ ಎರಡು ಇಳಿಜಾರು ಸೇರುವ ಕಡೆಯ ತಗಡು ತುಕ್ಕು ತಿಂದಿರಬೇಕು. ಬಿಲ್ಡರ್ ಮೂರನೇ ಸಲ ಕಾಫಿಗೆ ಬರುವ ಮುಂಚೆ ಅದನ್ನೊಂದು ಬಿಚ್ಚಿ ನೋಡಿಸಿ. ಗಾರೆ, ಹೆಂಚು ಎರಡೂ ಬಲ್ಲ ಮೇಸ್ತ್ರಿಯೊಬ್ಬರು ನಮಗೆ ಗೊತ್ತು, ಕಛೇರಿಗೆ ಫೋನ್ ಮಾಡಿದರೆ ನಂಬರ್ ಕೊಡುತ್ತೇವೆ.

– ಸಂಪಾದಕ