ತಂತಿಯಲ್ಲಿ ಬಂದ ಬಾನುಲಿ

(ಕಾಲೇಜು ರೇಡಿಯೊದ ಮೊದಲ ದಿನಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಓದುಗರೊಬ್ಬರು ತಕರಾರು ಬರೆದಿದ್ದಾರೆ. ಅವರ ಮಾತಿನ ಸಾರ ಇದು: “ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಇಬ್ಬರು ಹುಡುಗರು 1936ರಲ್ಲಿ ಹಾಸ್ಟೆಲ್‌ಗಳಿಗೆ ತಂತಿ ಎಳೆದು ಹಾಡು ಕೇಳಿಸಿದರೆ ಅದು ರೇಡಿಯೊ ಹೇಗಾಗುತ್ತದೆ? ಅದು ಮೈಕ್‌ಸೆಟ್. ವಿಶ್ವವಿದ್ಯಾಲಯಗಳ ರೇಡಿಯೊ ಅದಕ್ಕೂ ಎಷ್ಟೋ ಮೊದಲೇ ಇತ್ತು. ಕಾಲೇಜಿನ ಕಾಂಪೌಂಡು ದಾಟದ ಆಟಿಕೆಗೆ ಇಷ್ಟು ಪುಟ ಯಾಕೆ? ಬರೆಯುವುದಾದರೆ ಅದರ ಸರ್ಕ್ಯೂಟನ್ನಾದರೂ ಕೊಡಬೇಕಿತ್ತು.” – ಸಂ.)

ಮಾನ್ಯರೇ,

ಮೈಕ್‌ಸೆಟ್ಟಿನ ಮಾತು ಮೊದಲು ಮುಗಿಸೋಣ. ಮೈಕ್‌ಸೆಟ್ ಆಗಿದ್ದರೆ ಪ್ರತಿ ಕೋಣೆಗೂ ಒಂದು ಸ್ಪೀಕರ್ ಬೇಕಿತ್ತು. ಈ ನಿಲಯಗಳಿಗೆ ಅದು ಬೇಕಿರಲಿಲ್ಲ. ಹುಡುಗರ ಮೇಜಿನ ಮೇಲೆ ಮೊದಲೇ ಇದ್ದ ಮಾಮೂಲಿ ರೇಡಿಯೊದ ಮುಳ್ಳು ತಿರುಗಿಸಿದರೆ ಉಳಿದ ನಿಲಯಗಳ ಸಾಲಿನಲ್ಲೇ ಇವರ ನಿಲಯವೂ ಸಿಗುತ್ತಿತ್ತು. ಮಧ್ಯಮ ತರಂಗದ ಒಂದು ಪುಟ್ಟ ಟ್ರಾನ್ಸ್‌ಮಿಟರ್. ಅದರ ಸಿಗ್ನಲ್ಲನ್ನು ಆಕಾಶಕ್ಕೆ ಬಿಡುವ ಬದಲು ಕೆಪಾಸಿಟರ್ ಮೂಲಕ ಕಟ್ಟಡದ ಕರೆಂಟಿನ ತಂತಿಗೇ ಹಾಯಿಸುವುದು – ಉಪಾಯ ಇಷ್ಟೇ. ಆ ಕೆಪಾಸಿಟರ್ 60 ಹರ್ಟ್ಸ್‌ನ ಕರೆಂಟನ್ನು ತಡೆಯುತ್ತದೆ, 600 ಕಿಲೋಹರ್ಟ್ಸ್‌ನ ಸಿಗ್ನಲ್ಲನ್ನು ಸಲೀಸಾಗಿ ಬಿಡುತ್ತದೆ. ಆಮೇಲೆ ಗೋಡೆಯೊಳಗಿನ ತಂತಿಯೇ ಏರಿಯಲ್. ತಂತಿಯಿಂದ ರೇಡಿಯೊವರೆಗಿನ ಕೊನೆಯ ಕೆಲವು ಅಡಿ ಸಿಗ್ನಲ್ ಗಾಳಿಯಲ್ಲೇ ಬರುತ್ತದೆ. ಕೆಲವೇ ಅಡಿಯಾದರೂ ಅದು ರೇಡಿಯೊವೇ.

ಇದರಲ್ಲಿ ತೊಡಕುಗಳಿಗೇನೂ ಕೊರತೆ ಇರಲಿಲ್ಲ. ರೇಡಿಯೊ ಗೋಡೆಗೆ ಹತ್ತಿರವಿದ್ದರೆ ಗಟ್ಟಿ ದನಿ, ಕಿಟಕಿ ಕಡೆ ಸರಿಸಿದರೆ ಕ್ಷೀಣ. ಹಾಡಿನ ಹಿಂದೆ ಕರೆಂಟಿನ ‘ಗುಂಯ್’ ಸದ್ದು. ಅದೂ ಒಂದು ಕೋಣೆಯಲ್ಲಿ ಹೆಚ್ಚು, ಪಕ್ಕದ ಕೋಣೆಯಲ್ಲಿ ಕಡಿಮೆ. ಟ್ರಾನ್ಸ್‌ಫಾರ್ಮರನ್ನು ಈ ಸಿಗ್ನಲ್ ಸರಿಯಾಗಿ ದಾಟುವುದಿಲ್ಲವಾದ್ದರಿಂದ ಒಂದು ಕಟ್ಟಡದಲ್ಲಿ ಕೇಳಿದ್ದು ಇನ್ನೊಂದರಲ್ಲಿ ಕೇಳುವ ಭರವಸೆಯಿಲ್ಲ. ಸ್ಟುಡಿಯೊದಿಂದ ಕಟ್ಟಡ ಕಟ್ಟಡಕ್ಕೂ ಬೇರೆ ತಂತಿ ಎಳೆಯಬೇಕಾಗಿದ್ದು ಅದಕ್ಕೇ. ರಾತ್ರಿಯಾದರೆ ಮಧ್ಯಮ ತರಂಗದಲ್ಲಿ ದೂರದೂರದ ಊರುಗಳ ನಿಲಯಗಳು ನುಗ್ಗಿಬರುತ್ತವೆ. ತರಗತಿ ಮುಗಿಸಿ ಬಂದ ವಿದ್ಯಾರ್ಥಿ ಪ್ರಸಾರಕ್ಕೆ ಕೂರಲು ಸಾಧ್ಯವಿದ್ದದ್ದು ಅದೇ ಹೊತ್ತಿನಲ್ಲಿ.

ವಿಶ್ವವಿದ್ಯಾಲಯದ ರೇಡಿಯೊ ಮೊದಲೇ ಇತ್ತೆಂಬ ನಿಮ್ಮ ಮಾತು ನಿಜ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಲ್ ಟೆರಿ ಅವರ 9ಎಕ್ಸ್‌ಎಂ ಎಂಬ ನಿಲಯ ಇತ್ತು. ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿನ ವಿದ್ಯಾರ್ಥಿಗಳು 1920ರ ಅಕ್ಟೋಬರ್‌ನಲ್ಲೇ ಸಂಗೀತ ಪ್ರಸಾರ ಮಾಡಿದ್ದರು. ಆದರೆ ಆ ಕಾಲದ ಹೆಚ್ಚಿನ ನಿಲಯಗಳ ಪಾಡು ಏನಾಯಿತು ನೋಡಿ. 1921ರಿಂದ 1936ರವರೆಗೆ ಅಮೆರಿಕದ ಶಿಕ್ಷಣ ಸಂಸ್ಥೆಗಳಿಗೆ ಸಿಕ್ಕಿದ ಪರವಾನಗಿಗಳು 202. ಆ ಅವಧಿಯ ಕೊನೆಗೆ ಉಳಿದವು 38. ದುಡ್ಡಿಲ್ಲದೆ ಕೆಲವು ಮುಚ್ಚಿದವು, ಒಳ್ಳೆಯ ತರಂಗಾಂತರ ವಾಣಿಜ್ಯ ನಿಲಯಗಳ ಪಾಲಾಗಿ ಕೆಲವು ಸೊರಗಿದವು. ಉಳಿದವುಗಳಲ್ಲೂ ಸಾಮಾನ್ಯವಾಗಿ ಪರವಾನಗಿ ಸಂಸ್ಥೆಯದ್ದು, ಕಾರ್ಯಕ್ರಮ ಅಧ್ಯಾಪಕರದ್ದು. ವಿದ್ಯಾರ್ಥಿ ಉಪಕರಣ ನೋಡಿಕೊಳ್ಳುವ ಸಹಾಯಕ.

ಬ್ರೌನ್‌ನ ಆ ಇಬ್ಬರು ಹುಡುಗರು, ಜಾರ್ಜ್ ಅಬ್ರಹಾಂ ಮತ್ತು ಡೇವಿಡ್ ಬೋರ್ಸ್ಟ್, ಮಾಡಿದ್ದು ಬೇರೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಅವರ ‘ಬ್ರೌನ್ ನೆಟ್‌ವರ್ಕ್’ ಹುಟ್ಟಿದ್ದು ಹಾಸ್ಟೆಲ್ ಕೋಣೆಯಲ್ಲಿ. ಪರವಾನಗಿ ಇಲ್ಲ, ಆದ್ದರಿಂದ ಪರವಾನಗಿ ಹಿಡಿದ ಮಾಲೀಕರೂ ಇಲ್ಲ. ಯಾವ ಹಾಡು, ಎಷ್ಟು ಹೊತ್ತಿಗೆ, ಮಧ್ಯೆ ಯಾರು ಮಾತಾಡಬೇಕು ಎಂಬುದನ್ನು ಅಲ್ಲಿ ನಿದ್ದೆಗೆಟ್ಟು ಕೂತವರೇ ತೀರ್ಮಾನಿಸುತ್ತಿದ್ದರು. ನೀವು ‘ಆಟಿಕೆ’ ಎಂದ ಆ ಸಣ್ಣತನವೇ ಅದರ ಬಲ ಎಂದು ನಾನು ನಂಬುತ್ತೇನೆ. ಕೇಳುಗ ಮಹಡಿಯ ಮೇಲಿನ ಕೋಣೆಯವನು. ಅವನಿಗೆ ಕಾರ್ಯಕ್ರಮ ಹಿಡಿಸದಿದ್ದರೆ ಪತ್ರ ಬರೆಯಬೇಕಿಲ್ಲ, ಕೆಳಗಿಳಿದು ಬಾಗಿಲು ತಟ್ಟಿದರಾಯಿತು. ಮನಸ್ಸಿದ್ದರೆ ಮರುದಿನ ತಾನೇ ಮೈಕಿನ ಮುಂದೆ ಕೂರಬಹುದು. ದೊಡ್ಡ ನಿಲಯವೊಂದರಲ್ಲಿ ಹತ್ತೊಂಬತ್ತರ ಹುಡುಗನಿಗೆ ಈ ಅವಕಾಶ ಯಾರು ಕೊಡುತ್ತಾರೆ? ತಡವರಿಸಿ, ತಪ್ಪು ಉಚ್ಚರಿಸಿ, ಮೈಕಿನ ಮುಂದೆ ಮಾತು ಮರೆತು ಕಲಿಯಲು ಇಂಥದೊಂದು ಜಾಗ ಬೇಕೇ ಬೇಕು.

1938ರಲ್ಲಿ ಅಮೆರಿಕದ ಸಂವಹನ ಆಯೋಗ ಕಡಿಮೆ ಶಕ್ತಿಯ ಉಪಕರಣಗಳಿಗೆ ನಿಯಮ ತಂದಿತು. ಒಂದು ನಿಗದಿತ ದೂರದಲ್ಲಿ ಸಿಗ್ನಲ್ಲಿನ ಬಲ ಮೀಟರಿಗೆ 15 ಮೈಕ್ರೋವೋಲ್ಟ್ ಮೀರದಿದ್ದರೆ ಪರವಾನಗಿ ಬೇಡ. ಆ ದೂರ 600 ಕಿಲೋಹರ್ಟ್ಸ್‌ನಲ್ಲಿ ಸುಮಾರು 80 ಮೀಟರ್. ಈ ಮಿತಿಯೊಳಗೇ ಬೇರೆ ಕಾಲೇಜುಗಳಲ್ಲೂ ನಿಲಯಗಳು ಬೆಳೆದವು. 1940ರಲ್ಲಿ ಅಬ್ರಹಾಂ ಮತ್ತು ಬೋರ್ಸ್ಟ್ ಇಂಥ ನಿಲಯಗಳನ್ನು ಸೇರಿಸಿ ‘ಇಂಟರ್‌ಕಾಲೇಜಿಯೇಟ್ ಬ್ರಾಡ್‌ಕಾಸ್ಟಿಂಗ್ ಸಿಸ್ಟಮ್’ ಕಟ್ಟಿದರು. ಅದೇ ಡಿಸೆಂಬರ್‌ನಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿ ಪತ್ರಿಕೆಯ ಆಸರೆಯಲ್ಲಿ ಒಂದು, ಪ್ರಿನ್ಸ್‌ಟನ್‌ನಲ್ಲಿ ಹಾಸ್ಟೆಲ್ ಕೋಣೆಯೊಂದರಿಂದ ಇನ್ನೊಂದು ಶುರುವಾದವು. 1948ರಲ್ಲಿ 10 ವಾಟ್‌ನ ಶೈಕ್ಷಣಿಕ ಎಫ್‌ಎಂಗೆ ಅನುಮತಿ ಸಿಕ್ಕಿತು. ಕಾಲೇಜು ರೇಡಿಯೊ ಕಾಂಪೌಂಡು ದಾಟಿತು.

ಬ್ರೌನ್‌ನ ನಿಲಯವೂ ದೊಡ್ಡದಾಯಿತು. ಡಬ್ಲ್ಯೂಬಿಆರ್‌ಯು ಎಂಬ ಹೆಸರಿನಲ್ಲಿ 1966ರಲ್ಲಿ 95.5 ಮೆಗಾಹರ್ಟ್ಸ್‌ಗೆ, ಅದೂ ವಾಣಿಜ್ಯ ಎಫ್‌ಎಂಗೆ, ಏರಿತು. ಅರ್ಧ ಶತಮಾನ ನಡೆದ ಮೇಲೆ 2017ರಲ್ಲಿ ಆ ತರಂಗಾಂತರ ಮಾರಾಟವಾಯಿತು. ವಿದ್ಯಾರ್ಥಿಗಳು ಅಷ್ಟಕ್ಕೇ ಕೈಚೆಲ್ಲಲಿಲ್ಲ, ಇಂಟರ್‌ನೆಟ್ಟಿನಲ್ಲಿ ಪ್ರಸಾರ ಮುಂದುವರಿಸಿದರು. ಇಷ್ಟು ದೂರ ಬಂದ ಕಥೆಗೆ ಆ ಪುಟಗಳು ಹೆಚ್ಚಾಯಿತೆಂದು ನನಗೆ ಈಗಲೂ ಅನ್ನಿಸುತ್ತಿಲ್ಲ.

ಇನ್ನು ಸರ್ಕ್ಯೂಟ್. ಅದನ್ನು ಅಚ್ಚು ಹಾಕುವುದಿಲ್ಲ, ಕ್ಷಮಿಸಿ. ಕರೆಂಟಿನ ತಂತಿಗೂ ಟ್ರಾನ್ಸ್‌ಮಿಟರಿಗೂ ನಡುವೆ ಇರುವುದು ಆ ಕೆಪಾಸಿಟರ್ ಒಂದೇ ಆದರೆ, ಅದು ಶಾರ್ಟ್ ಆದ ಕ್ಷಣ ಪೂರ್ತಿ ವೋಲ್ಟೇಜು ಪೆಟ್ಟಿಗೆ ಮುಟ್ಟಿದವರ ಕೈಗೆ ಬರುತ್ತದೆ. ನಮ್ಮ ಓದುಗರಲ್ಲಿ ಹೈಸ್ಕೂಲಿನ ಮಕ್ಕಳೂ ಇದ್ದಾರೆ. ಯಾವುದರಿಂದ ಯಾವುದಕ್ಕೆ ಸಿಗ್ನಲ್ ಹೋಗುತ್ತದೆ ಎಂದು ತೋರಿಸುವ ರೇಖಾಚಿತ್ರ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಬಿಡಿಭಾಗಗಳ ಅಳತೆಗಳು ಅದರಲ್ಲಿ ಇರುವುದಿಲ್ಲ.

– ಸಂಪಾದಕ