ಶ್ರೀಗಂಧ, ತಿಮಿಂಗಿಲ ಶಾರ್ಕ್: ಯಾವುದಕ್ಕೆ ಅಪಾಯ ಜಾಸ್ತಿ?

ನಮಸ್ಕಾರ ಮೇಡಂ. ಶ್ರೀಗಂಧಕ್ಕೂ ತಿಮಿಂಗಿಲ ಶಾರ್ಕ್‌ಗೂ ನಂಟಿದೆಯಾ, ಯಾವುದಕ್ಕೆ ಅಪಾಯ ಜಾಸ್ತಿ ಅಂತ ಕೇಳಿದ್ದೀರಿ. ನಂಟು ಬಹಳ ದೂರದ್ದು. ಎರಡೂ ಯೂಕ್ಯಾರಿಯೋಟ್‌ಗಳು, ಅಂದರೆ ಜೀವಕೋಶದಲ್ಲಿ ನ್ಯೂಕ್ಲಿಯಸ್ ಇರುವಂಥವು. ಅಲ್ಲಿಂದಾಚೆ ದಾರಿ ಬೇರೆ. ಗಂಧ ಸ್ಯಾಂಟಲೇಸಿ ಕುಟುಂಬದ ಸಸ್ಯ. ಶಾರ್ಕ್ ಮೂಳೆಯೇ ಇಲ್ಲದ, ಮೃದ್ವಸ್ಥಿಯ (ನಮ್ಮ ಕಿವಿಯಲ್ಲಿರುವಂಥ ಬಾಗುವ ಅಂಗಾಂಶದ) ಮೀನು.

ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಗಂಧ ‘ವಲ್ನರಬಲ್’, ಅಂದರೆ ಅಪಾಯಕ್ಕೆ ಈಡಾಗಬಲ್ಲದ್ದು. ಈ ಶಾರ್ಕ್ 2016ರಿಂದ ‘ಎಂಡೇಂಜರ್ಡ್’, ಅಂದರೆ ಅಳಿವಿನಂಚಿನಲ್ಲಿರುವುದು; ಅದು ಒಂದು ಮೆಟ್ಟಿಲು ಹೆಚ್ಚಿನ ಅಪಾಯ. 2001ರಿಂದ ನಮ್ಮ ದೇಶದಲ್ಲಿ ಇದನ್ನು ಹಿಡಿಯುವಂತಿಲ್ಲ.

ಆದರೂ ನನಗೆ ಗಂಧದ್ದೇ ಸಂಕಟ. ಚಿತ್ರದುರ್ಗದ ಹತ್ತಿರ ನಮ್ಮ ಹೊಲದ ಬದುವಿನಲ್ಲಿ ಒಂದು ಮರ ಇತ್ತು. ಒಂದು ಬೆಳಿಗ್ಗೆ ನೋಡಿದರೆ ಬರೀ ಗುಂಡಿ, ಸುತ್ತ ಹಸಿ ಮಣ್ಣು. ಬೇರಲ್ಲೂ ಎಣ್ಣೆ ಇರುತ್ತದಲ್ವಾ, ಕಳ್ಳರು ಬುಡಸಮೇತ ಅಗೆದು ಒಯ್ದಿದ್ದರು.